28 ಪರ್ಸೆಂಟ್ ತೋರಿಸ್ತಿದ್ದಂಗೇ ಫೋನ್ ಸ್ವಿಚ್ ಆಫ್ ಆಗ್ತತಿ. ಬ್ಯಾಟರಿ ಕ್ಯಾಲಿಬ್ರೇಟ್ ಮಾಡಿದ್ರೆ ಸರಿ ಹೋಗ್ತತಾ?

ಗಲ್ಲಾಪೆಟ್ಟಿಗೆ, ದಾವಣಗೆರೆ
ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ್ರಿ. ಇಲ್ಲಿ ದಿನಾ ಓದ್ತಿದ್ದೆ, ಬರೆಯೋದು ಇವತ್ತೇ ಮೊದಲು.

ಗಡಿಯಾರ ಕಂಬದ ಹತ್ರ ನಮ್ದೊಂದು ಸಣ್ಣ ಬೆಣ್ಣೆದೋಸೆ ಅಂಗಡಿ. ನಮ್ಮನೆಯವ್ರು ಕಾವಲಿ ಮುಂದೆ, ನಾನು ಗಲ್ಲಾದಾಗೆ. ಗಲ್ಲಾ ಅಂತ ಹೆಸರಿಗೆ ಅಷ್ಟೇ, ಈಗ ರೊಕ್ಕ ಬರೋದು ಫೋನಿಗೇ. ಆ ಫೋನು ಎರಡು ತಿಂಗಳಿಂದ ಆಟ ಆಡಿಸ್ತತಿ.

ಬೆಳಿಗ್ಗೆ ಆರಕ್ಕೆ ಚಾರ್ಜರ್ ಕಿತ್ತಾಗ 100 ಇರ್ತತಿ. ಹನ್ನೊಂದಕ್ಕೆ 70, ಹನ್ನೆರಡೂವರೆಗೆ 45. ಅಲ್ಲಿವರೆಗೂ ಏನೂ ತಂಟೆ ಇಲ್ಲ. ಆಮೇಲೆ 30ರ ಆಸುಪಾಸಿಗೆ ಬಂದಿದ್ದೇ ತಡ, ಗಪ್ ಅಂತ ಸ್ವಿಚ್ ಆಫ್. ಹೆಚ್ಚಾಗಿ 28ಕ್ಕೇ ಸಾಯ್ತತಿ. ಚಾರ್ಜಿಗೆ ಹಾಕಿ ಆನ್ ಮಾಡಿದ್ರೆ ಒಂದಿನ 17 ತೋರಿಸ್ತತಿ, ಒಂದಿನ 31. ಆಫ್ ಆದಾಗ ಇದ್ದಿದ್ದಕ್ಕಿಂತ ಜಾಸ್ತಿ! ಆ ಮೂರು ಎಲ್ಲಿಂದ ಬಂತು ಅಂತ ನನಗಂತೂ ಗೊತ್ತಾಗ್ಲಿಲ್ಲ.

ನಿನ್ನೆ ಕಾಲೇಜು ಹುಡುಗ್ರು ಎಂಟು ಜನ ಬಂದಿದ್ರು. 640 ರೂಪಾಯಿ ಆತು. ಅವ್ರು ಸ್ಕ್ಯಾನ್ ಮಾಡೋದಕ್ಕೂ ಇದು ಕಣ್ಣು ಮುಚ್ಚೋದಕ್ಕೂ ಸರಿ ಹೋತು. ಪಾಪ, ಅವ್ರ ಫೋನ್ ತೋರಿಸಿ "ಹೋಗೇತಕ್ಕ, ಹೋಗೇತಕ್ಕ" ಅಂದ್ರು. ನಂಬಿ ಕಳಿಸಿದೆ. ಸಂಜೆ ನೋಡಿದ್ರೆ ಬಂದಿತ್ತು. ದಿನಾ ಹಿಂಗೆ ನಂಬ್ಕಂಡು ಕೂರಾಕೆ ಆಗ್ತತೇನ್ರಿ?

ಫೋನಿಗೆ ಮೂರು ವರ್ಷ. 5000 ಎಂಎಎಚ್ (ಎಷ್ಟು ಚಾರ್ಜ್ ಹಿಡೀತತಿ ಅನ್ನೋ ಅಳತೆ) ಬ್ಯಾಟರಿ. ಒಬ್ರು ಬ್ಯಾಟರಿನೇ ಬದಲಾಯಿಸಿ ಅಂದ್ರು, ಇನ್ನೊಬ್ರು ಬೇಡ, ಕ್ಯಾಲಿಬ್ರೇಟ್ ಮಾಡಿದ್ರೆ ಸಾಕು ಅಂದ್ರು. ಹಂಗಂದ್ರೇನು, ಮನೇಲೇ ಮಾಡಬೌದಾ?


ಹಳೇಪೇಟೆ_ಹುಡುಗ, ದಾವಣಗೆರೆ
ಭಾನುವಾರ ರಾತ್ರಿ 10:52

ಸಿಂಪಲ್ ಅಕ್ಕ. ಫೋನ್ ರೂಟ್ ಮಾಡಿ (ಅಂದ್ರೆ ಕಂಪನಿ ಹಾಕಿರೋ ಬೀಗ ತೆಗೆದು ಫೋನಿನ ಪೂರ್ತಿ ಹಿಡಿತ ನಾವೇ ತಗಳ್ಳೋದು), ಕ್ಯಾಲಿಬ್ರೇಶನ್ ಆ್ಯಪ್ ಹಾಕಿ, 100 ಇದ್ದಾಗ ಬಟನ್ ಒತ್ತಿ. ಅದು ಬ್ಯಾಟರಿಸ್ಟ್ಯಾಟ್ಸ್ ಫೈಲ್ ಅಳಿಸ್ತತಿ. ಹಳೇ ಲೆಕ್ಕ ಹೋಗಿ ಹೊಸಾ ಲೆಕ್ಕ ಶುರು. ನಾನು ಎರಡು ಫೋನಿಗೆ ಮಾಡೀನಿ.


ದುರ್ಗದ_ರಿಪೇರಿ, ಚಿತ್ರದುರ್ಗ
ಭಾನುವಾರ ರಾತ್ರಿ 11:15

ಅಕ್ಕಾ, ದಯವಿಟ್ಟು ರೂಟ್ ಗೀಟ್ ಮಾಡಕ್ಕೆ ಹೋಗ್ಬೇಡಿ. ರೂಟ್ ಮಾಡಿದ್ ಫೋನಲ್ಲಿ ಪೇಮೆಂಟ್ ಆ್ಯಪ್, ಬ್ಯಾಂಕ್ ಆ್ಯಪ್ ಎಷ್ಟೋ ಸಲ ತೆರೆಯೋದೇ ಇಲ್ಲ. 28ಕ್ಕೆ ಆಫ್ ಆಗೋದು ತಪ್ಪಿಸಕ್ಕೆ ಹೋಗಿ ಗಲ್ಲಾನೇ ಮುಚ್ಚಿದಂಗಾಗ್ತೈತೆ.

ತಮ್ಮಾ ಹಳೇಪೇಟೆ, ಆ ಫೈಲ್ ಕಥೆ ಬಾಳ ಹಳೇದು. ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂತು ಅಂತ ಸೆಟ್ಟಿಂಗ್ಸಲ್ಲಿ ಪಟ್ಟಿ ಬರ್ತೈತಲ್ಲ, ಅದ್ರ ಲೆಕ್ಕ ಇರೋದು ಅದ್ರಲ್ಲಿ. ಮೇಲ್ಗಡೆ ಕಾಣೋ ಪರ್ಸೆಂಟಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಗೂಗಲ್‌ನಲ್ಲಿ ಆಂಡ್ರಾಯ್ಡ್ ಕಟ್ಟಿದ ಇಂಜಿನಿಯರ್ ಡಯಾನ್ ಹ್ಯಾಕ್‌ಬೋರ್ನ್ ಅವ್ರೇ ಯಾವತ್ತೋ ಹೇಳಿ ಮುಗಿಸವ್ರೆ. ಆದ್ರೂ ಆ ಆ್ಯಪ್‌ಗಳು ಸಾಯ್ಲಿಲ್ಲ.


ಹಳೇಪೇಟೆ_ಹುಡುಗ
ಭಾನುವಾರ ರಾತ್ರಿ 11:19

ಮತ್ತೆ ನಂದು ಸರಿ ಹೋತಲ್ಲ ಅಣ್ಣ?


ದುರ್ಗದ_ರಿಪೇರಿ
ಭಾನುವಾರ ರಾತ್ರಿ 11:24

ಬಟನ್ ಒತ್ತೋ ಮುಂಚೆ 100 ಮಾಡಿದ್ದೆ. ಒತ್ತಿದ ಮೇಲೆ ಏನ್ ಮಾಡು ಅಂದಿತ್ತು ಆ್ಯಪ್ಪು? "ಪೂರ್ತಿ ಖಾಲಿ ಆಗೋವರೆಗೂ ಬಳಸಿ" ಅಂತ ತಾನೇ? ಕೆಲ್ಸ ಮಾಡಿದ್ದು ಅದು, ಬಟನ್ ಅಲ್ಲ.


ಶೇಂಗಾ_ಹೊಲ, ಚಳ್ಳಕೆರೆ
ಸೋಮವಾರ ಬೆಳಿಗ್ಗೆ 6:05

ನಮ್ ಕಾಲದಲ್ಲಿ ಹೊಸಾ ಸೆಲ್ಲು ತಂದ್ರೆ ಮೊದ್ಲು ಎಂಟು ತಾಸು ಚಾರ್ಜು ಅಂತ ಅಂಗಡಿಯವ್ನೇ ಹೇಳಿ ಕಳಿಸೋನು. ವಾರಕ್ಕೊಂದ್ಸಲ ಪೂರ್ತಿ ಇಳಿಸಿ ಪೂರ್ತಿ ಏರಿಸ್ತಿದ್ವಿ. ಬ್ಯಾಟ್ರಿ ಕಲ್ಲಿದ್ದಂಗೆ ಇರ್ತಿತ್ತು. ಈಗಿನವ್ರು ಹತ್ತು ನಿಮಿಷಕ್ಕೊಂದ್ಸಲ ಚುಚ್ಚಿ ಚುಚ್ಚಿ ತೆಗೀತಾರೆ, ಅದಕ್ಕೇ ಹಾಳಾಗ್ತೈತೆ. ಇನ್ನೊಂದು, ಬ್ಯಾಟ್ರಿ ಬಿಚ್ಚಿ ಒಂದು ರಾತ್ರಿ ಫ್ರಿಜ್ಜಲ್ಲಿಟ್ರೆ ಜೀವ ಬರ್ತೈತೆ. ನಾನೇ ಮಾಡೀನಿ.


ವಿದ್ಯಾನಗರ_ಮೇಷ್ಟ್ರು, ದಾವಣಗೆರೆ
ಸೋಮವಾರ ಬೆಳಿಗ್ಗೆ 8:30

ಎಲೆಕ್ಟ್ರಾನಿಕ್ಸ್ ಪಾಠ ಮಾಡೋನು ನಾನು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಮೊದಲು ಚಳ್ಳಕೆರೆ ಯಜಮಾನರಿಗೆ. ನೀವು ಹೇಳಿದ್ದು ನಿಮ್ಮ ಕಾಲಕ್ಕೆ ಸರಿಯೇ. ಆಗಿನ ಹಲವು ಫೋನುಗಳಲ್ಲಿ ನಿಕ್ಕಲ್ ಬ್ಯಾಟರಿ ಇತ್ತು, ನೋಕಿಯಾ 3310 ಕೂಡ ನಿಕ್ಕಲ್ ಬ್ಯಾಟರಿ ಜೊತೆಗೇ ಬಂದಿದ್ದು. ಅವಕ್ಕೆ ಆಗಾಗ ಪೂರ್ತಿ ಇಳಿಸೋ ಪದ್ಧತಿಗೆ ಅರ್ಥ ಇತ್ತು. ಈಗಿರೋದೆಲ್ಲ ಲಿಥಿಯಂ ಅಯಾನ್. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂತು, 2019ರ ರಸಾಯನಶಾಸ್ತ್ರದ ನೊಬೆಲ್ ಕೂಡ ಅದರ ಮೂಲಪುರುಷರಿಗೇ ಹೋಯ್ತು. ಇದರ ಸ್ವಭಾವ ಉಲ್ಟಾ. ಪದೇ ಪದೇ ಸೊನ್ನೆಗೆ ಇಳಿಸಿದರೆ ಸವೆಯುತ್ತೆ, ನಡುನಡುವೆ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದ್ರೆ ಬೇಜಾರಿಲ್ಲ. ಇನ್ನು ಫ್ರಿಜ್ ಬೇಡವೇ ಬೇಡ. ಹೊರಗೆ ತೆಗೆದ ತಕ್ಷಣ ತಣ್ಣನೆ ಲೋಟದ ಮೇಲೆ ಬೆವರು ಕೂರೋ ಹಾಗೆ ಫೋನಿನ ಒಳಗೂ ನೀರಿನ ಹನಿ ಕೂರುತ್ತೆ.

ಈಗ ಅಕ್ಕನ ಪ್ರಶ್ನೆ. ಪರ್ಸೆಂಟ್ ಅನ್ನೋದು ಫೋನು ಅಳೆದು ಹೇಳೋ ಸಂಖ್ಯೆ ಅಲ್ಲ, ಅಂದಾಜು ಕಟ್ಟಿ ಹೇಳೋದು. ಪೆಟ್ರೋಲ್ ಟ್ಯಾಂಕಿಗೆ ಕಡ್ಡಿ ಬಿಟ್ಟು ನೋಡಿದಂಗೆ ಬ್ಯಾಟರಿಗೆ ಕಡ್ಡಿ ಬಿಡೋಕಾಗಲ್ಲ.

ನಮ್ಮೂರ ಮಂಡಕ್ಕಿ ಮೂಟೆ ಅಂದ್ಕೊಳ್ಳಿ. ಬಾಯಿ ಕಟ್ಟಿದೆ, ಒಳಗೆಷ್ಟಿದೆ ಕಾಣಲ್ಲ. ಎಷ್ಟು ಸೇರು ಸುರಿದ್ರು, ಎಷ್ಟು ಸೇರು ತೆಗೆದ್ರು ಅಂತ ಪಕ್ಕದಲ್ಲಿ ಗುಮಾಸ್ತ ಚೀಟಿ ಮೇಲೆ ಗೀಟು ಹಾಕ್ತಾ ಇರ್ತಾನೆ. ಫೋನಲ್ಲಿ ಈ ಗುಮಾಸ್ತನ ಕೆಲಸ ಮಾಡೋಕೆ ಒಂದು ಚಿಪ್ ಇದೆ, ಫ್ಯೂಯೆಲ್ ಗೇಜ್ ಅಂತಾರೆ. ಬ್ಯಾಟರಿ ದಾರಿಯಲ್ಲಿ ಒಂದು ಪುಟಾಣಿ ರೆಸಿಸ್ಟರ್ ಇಟ್ಟು, ಅದರ ಮೂಲಕ ಎಷ್ಟು ಕರೆಂಟ್ ಒಳಗೆ ಹೋಯ್ತು, ಎಷ್ಟು ಹೊರಗೆ ಬಂತು ಅಂತ ಕೂಡಿ ಕಳೀತಾ ಕೂರುತ್ತೆ. ಪ್ರತಿ ಸೇರಿಗೂ ನಾಲ್ಕು ಮಂಡಕ್ಕಿ ಆಚೀಚೆ. ಒಂದು ದಿನಕ್ಕೆ ಅದೇನೂ ಅಲ್ಲ, ಆರು ತಿಂಗಳಿಗೆ ದೊಡ್ಡ ತಪ್ಪು. ಅದರ ಮೇಲೆ ಮೂಟೆನೂ ವರ್ಷಾ ವರ್ಷ ಕುಗ್ತಾ ಬರುತ್ತೆ, ಅದನ್ನ ಗುಮಾಸ್ತನಿಗೆ ಯಾರೂ ಹೇಳಿರಲ್ಲ. ಮೂಟೆ ಖಾಲಿ, ಚೀಟಿಯಲ್ಲಿ ಮಾತ್ರ ಇನ್ನೂ 28 ಸೇರು ಬಾಕಿ.

ವೋಲ್ಟೇಜ್ ನೋಡಿ ಹೇಳಬಹುದಲ್ಲ ಅಂತ ನನ್ನ ವಿದ್ಯಾರ್ಥಿಗಳು ಕೇಳ್ತಾರೆ. ಪೂರ್ತಿ ತುಂಬಿದಾಗ 4.2 ವೋಲ್ಟ್, ಈಗಿನ ಎಷ್ಟೋ ಬ್ಯಾಟರಿಗಳಲ್ಲಿ 4.4ರ ಹತ್ರ. 3.4ರ ಆಸುಪಾಸಿಗೆ ಇಳಿದ್ರೆ ಫೋನು ಸಾಕು ಅಂತ ಮಲಗುತ್ತೆ. ತೊಂದರೆ ಇರೋದು ನಡುವೆ. 3.7, 3.8ರ ಸುತ್ತ ಆ ಗೆರೆ ಹರಿಹರದ ರಸ್ತೆ ಹಾಗೆ ಸಪಾಟಾಗಿ ಹೋಗುತ್ತೆ. 60ಕ್ಕೂ 40ಕ್ಕೂ ವೋಲ್ಟೇಜಲ್ಲಿ ಕೂದಲೆಳೆ ವ್ಯತ್ಯಾಸ. ಖಚಿತವಾಗಿ ಗೊತ್ತಾಗೋದು ಎರಡು ತುದಿಯಲ್ಲಿ ಮಾತ್ರ, ಕಂಠಮಟ್ಟ ತುಂಬಿದಾಗ ಮತ್ತು ತಳ ಕಂಡಾಗ. ಗುಮಾಸ್ತನಿಗೆ ಆ ಎರಡು ತುದಿಯನ್ನ ಒಂದೇ ಉಸಿರಲ್ಲಿ ತೋರಿಸಿ "ಇದು ತುಂಬಿದ್ದು, ಇದು ಖಾಲಿ, ಈಗ ಲೆಕ್ಕ ಹೊಸದಾಗಿ ಬರಿ" ಅನ್ನೋದೇ ಕ್ಯಾಲಿಬ್ರೇಶನ್.

ಮೂಟೆ ದೊಡ್ಡದಾಗಲ್ಲ. ಚೀಟಿ ಸರಿ ಹೋಗುತ್ತೆ, ಅಷ್ಟೇ.


ಗಲ್ಲಾಪೆಟ್ಟಿಗೆ
ಸೋಮವಾರ ಮಧ್ಯಾಹ್ನ 3:20

ಸರ್, ಮೂಟೆ ಲೆಕ್ಕ ಚಲೋ ಅರ್ಥ ಆತು. ನಮ್ಮ ಅಪ್ಪಾಜಿ ಮಂಡಕ್ಕಿ ಭಟ್ಟಿಯಾಗೇ ಕೆಲಸ ಮಾಡಿದ್ದು! ಆದ್ರೆ ಆಫ್ ಆಗಿ ಆನ್ ಆದಾಗ 31 ಹೆಂಗೆ ಬಂತು ಅಂತ ಹೇಳ್ಲಿಲ್ಲ ನೀವು.


ವಿದ್ಯಾನಗರ_ಮೇಷ್ಟ್ರು
ಸೋಮವಾರ ಸಂಜೆ 5:10

ಒಳ್ಳೇ ಪ್ರಶ್ನೆ, ಮರೆತಿದ್ದೆ. ಬ್ಯಾಟರಿಗೆ ವಯಸ್ಸಾದಂಗೆ ಅದರ ಒಳಗಿನ ಪ್ರತಿರೋಧ ಏರುತ್ತೆ. ಸ್ಕ್ರೀನ್ ಪೂರ್ತಿ ಬೆಳಕಲ್ಲಿ, ನೆಟ್ ಆನ್, ಮೇಲೆ "ಹಣ ಬಂದಿದೆ" ಅಂತ ಜೋರಾಗಿ ಕೂಗೋ ಸ್ಪೀಕರ್. ಎಲ್ಲ ಒಟ್ಟಿಗೆ ಕರೆಂಟ್ ಎಳೆದಾಗ ವೋಲ್ಟೇಜ್ ಒಂದು ಕ್ಷಣ ಕುಸಿದು ಆ 3.4ರ ಕೆಳಗೆ ಹೋಗುತ್ತೆ, ಫೋನು ಆಫ್. ಎಳೆಯೋರು ಇಲ್ಲ ಅಂದ ತಕ್ಷಣ ವೋಲ್ಟೇಜ್ ಮತ್ತೆ ಮೇಲೇಳುತ್ತೆ. ಆನ್ ಆಗುವಾಗ ಚಿಪ್ ಅದನ್ನ ನೋಡಿ "ಓ, 31 ಇದೆ" ಅನ್ನುತ್ತೆ. ಹೊರೆ ಹೊತ್ತಾಗ ಮೊಣಕಾಲು ಬಾಗಿದ ಮನುಷ್ಯ ಹೊರೆ ಇಳಿಸಿದ್ಮೇಲೆ ನೆಟ್ಟಗೆ ನಿಂತಂಗೆ.

ಹಾಗಾಗಿ ನಿಮ್ಮ ಫೋನಲ್ಲಿ ಲೆಕ್ಕದ ತಪ್ಪೂ ಇರಬಹುದು, ಮುಪ್ಪೂ ಇರಬಹುದು. ಕ್ಯಾಲಿಬ್ರೇಟ್ ಮಾಡಿದ್ರೆ ಯಾವುದೆಷ್ಟು ಅಂತ ಗೊತ್ತಾಗುತ್ತೆ. ಕ್ರಮವನ್ನ ದುರ್ಗದವರು ಹೇಳಲಿ, ಅವರ ಕೈ ಪಳಗಿದ್ದು.


ದುರ್ಗದ_ರಿಪೇರಿ
ಸೋಮವಾರ ರಾತ್ರಿ 9:45

ಅಂಗಡಿ ಮುಚ್ಚಿ ಈಗ ಕೂತೆ. ಅಕ್ಕಾ, ಅಂಗಡಿಗೆ ರಜಾ ಇರೋ ದಿನ ನೋಡ್ಕೊಳ್ಳಿ, ಯಾಕಂದ್ರೆ ಒಂದಿನ ಪೂರ್ತಿ ಬೇಕು.

ಮೊದ್ಲು ಫೋನ್ ತಾನಾಗೇ ಆಫ್ ಆಗೋವರೆಗೂ ಬಳಸಿ. ಆಫ್ ಆದ್ಮೇಲೆ ಮತ್ತೆ ಆನ್ ಮಾಡಿ, ಆಗ್ದೇ ಇರೋವರೆಗೂ. ಎರಡು ಮೂರು ಸಲ ಎದ್ದು ಬೀಳ್ತೈತೆ, ಬೀಳ್ಲಿ. ಆಮೇಲೆ ಎರಡು ಮೂರು ತಾಸು ಹಂಗೇ ಇಡಿ. ಅದಕ್ಕಿಂತ ಜಾಸ್ತಿ ಬೇಡ. ಖಾಲಿ ಬ್ಯಾಟರಿನ ದಿನಗಟ್ಲೆ ಮರೆತು ಬಿಟ್ರೆ ಎದ್ದೇಳೋದೇ ಇಲ್ಲ, ನನ್ನ ಹತ್ರ ಅಂಥವು ತಿಂಗಳಿಗೆ ನಾಲ್ಕು ಬರ್ತವೆ.

ಈಗ ಆಫ್ ಇದ್ದಂಗೇ ಚಾರ್ಜಿಗೆ ಹಾಕಿ. ಫಾಸ್ಟ್ ಚಾರ್ಜರ್ ಬೇಡ, ಮನೇಲಿ ಹಳೇ ನಿಧಾನದ್ದು ಇದ್ರೆ ಅದು. 100 ಬಂತು ಅಂತ ಕೀಳ್ಬೇಡಿ. ಕೊನೇಲಿ ಕರೆಂಟು ಬಾಳ ಸಣ್ಣಗೆ, ತೊಟ್ಟು ತೊಟ್ಟಾಗಿ ಹೋಗ್ತಿರ್ತೈತೆ, ಅದು ನಿಂತಾಗ್ಲೇ ನಿಜವಾಗ್ಲೂ ತುಂಬಿದಂಗೆ. 100 ಬಂದ್ಮೇಲೆ ಇನ್ನೊಂದು ತಾಸು ಬಿಡಿ. ಆಮೇಲೆ ಕಿತ್ತು ಆನ್ ಮಾಡಿ, ನಡುವೆ ಒಂದ್ಸಲನೂ ಚುಚ್ಚದೆ ಆಫ್ ಆಗೋವರೆಗೂ ಬಳಸಿ, ಮತ್ತೆ ಒಂದೇ ಸಲಕ್ಕೆ 100ಕ್ಕೆ ಏರಿಸಿ. ಮುಗೀತು. ಇದನ್ನ ವಾರವಾರ ಮಾಡ್ಬೇಡಿ, ವರ್ಷಕ್ಕೆ ಎರಡ್ಮೂರು ಸಲ ಬಾಳ ಆಯ್ತು. ಎಷ್ಟೋ ಹೊಸಾ ಫೋನಿಗೆ ಅದೂ ಬೇಡ, ಸುಮ್ನಿದ್ದಾಗ ತಾನೇ ಲೆಕ್ಕ ತಿದ್ಕೊಂತೈತೆ.

ಹಿಂಬದಿ ಮುಚ್ಚಳ ಉಬ್ಬಿದ್ರೆ ಮಾತ್ರ ಇದ್ಯಾವ್ದೂ ಮಾಡ್ಬೇಡಿ.

ಒಂದು ಮಾತು. ಅಂಗಡಿಲಿ ಫೋನ್ ಎಲ್ಲಿಡ್ತೀರಿ?


ಗಲ್ಲಾಪೆಟ್ಟಿಗೆ
ಸೋಮವಾರ ರಾತ್ರಿ 10:02

ಒಲೆ ಪಕ್ಕದ ಗೋಡೇಲಿ ಒಂದು ಹಲಗೆ ಐತಿ, ಅದ್ರ ಮೇಲೆ. ಸಣ್ಣ ಅಂಗಡಿ ಅಣ್ಣ, ಪ್ಲಗ್ ಪಾಯಿಂಟ್ ಇರೋದು ಅಲ್ಲೊಂದೇ. ಯಾಕೆ?


ದುರ್ಗದ_ರಿಪೇರಿ
ಸೋಮವಾರ ರಾತ್ರಿ 10:04

ಸೌದೆ ಒಲೆನಾ?


ಗಲ್ಲಾಪೆಟ್ಟಿಗೆ
ಸೋಮವಾರ ರಾತ್ರಿ 10:05

ಬೆಣ್ಣೆದೋಸೆ ಅಲ್ವೇನಣ್ಣ, ಸೌದೆನೇ.


ಹಳೇಪೇಟೆ_ಹುಡುಗ
ಸೋಮವಾರ ರಾತ್ರಿ 10:06

ಅಣ್ಣ ತಲೆ ಚಚ್ಕೊಳ್ಳೋ ಸೌಂಡು ದಾವಣಗೆರೆಗೆ ಕೇಳ್ತತಿ.


ಕೋಟೆ_ಬಾಗಿಲು, ಚಿತ್ರದುರ್ಗ
ಮಂಗಳವಾರ ಬೆಳಿಗ್ಗೆ 7:50

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ಐಫೋನಿಗೂ ಹಿಂಗೇನಾ? ನಮ್ಮಣ್ಣ ತನ್ನ ಹಳೇ ಐಫೋನ್ 11 ನನಗೆ ಕೊಟ್ಟಿದಾನೆ. ನನ್ನ ಹೆಂಡ್ತಿದು ಹೊಸದು, 80ಕ್ಕೆ ನಿಲ್ಲೋ ಹಾಗೆ ಸೆಟ್ ಮಾಡಿದೀವಿ, ಒಂದೊಂದ್ ದಿನ ಹೇಳದೆ ಕೇಳದೆ 100ಕ್ಕೆ ಹೋಗಿರುತ್ತೆ. ಕೆಟ್ಟಿದೆಯಾ?


ವಿದ್ಯಾನಗರ_ಮೇಷ್ಟ್ರು
ಮಂಗಳವಾರ ಬೆಳಿಗ್ಗೆ 8:20

ಕೆಟ್ಟಿಲ್ಲ. ಗುಮಾಸ್ತನಿಗೆ ಮೂಟೆಯ ಬಾಯಿ ತೋರಿಸೋಕೆ ಅದು ತಾನೇ ಆಗಾಗ 100ಕ್ಕೆ ಹೋಗುತ್ತೆ. ಲೆಕ್ಕ ನಿಖರವಾಗಿರಲಿ ಅಂತ ಹಾಗೆ ಮಾಡ್ತೀವಿ ಅಂತ ಆ್ಯಪಲ್ ಕಂಪನಿಯೇ ಹೇಳಿದೆ. 11ರ ವಿಷಯ ಬೇರೆ. ಆ ಸಾಲಿನ ಫೋನುಗಳಲ್ಲಿ ಬ್ಯಾಟರಿ ಹೆಲ್ತ್, ಅಂದ್ರೆ ಮೂಟೆ ಎಷ್ಟು ಕುಗ್ಗಿದೆ ಅಂತ ಹೇಳೋ ಸಂಖ್ಯೆ, ತಪ್ಪು ತೋರಿಸ್ತಿತ್ತು ಅಂತ 2021ರಲ್ಲಿ ಐಒಎಸ್ 14.5 ಅನ್ನೋ ಐಫೋನ್ ಸಾಫ್ಟ್‌ವೇರ್ ಜೊತೆ ಮರುಲೆಕ್ಕದ ವ್ಯವಸ್ಥೆಯನ್ನೇ ಕೊಟ್ರು. ದಿನದ ಬಳಕೆಯಲ್ಲೇ ಹಿನ್ನೆಲೆಯಲ್ಲಿ ನಡೆದು, ಮುಗಿಯೋಕೆ ಕೆಲವು ವಾರ ಹಿಡೀತಿತ್ತು. ದೊಡ್ಡ ಕಂಪನಿಯ ಗುಮಾಸ್ತನೂ ಚೀಟಿ ತಪ್ಪು ಬರೀತಾನೆ.


ಗಲ್ಲಾಪೆಟ್ಟಿಗೆ
ಮುಂದಿನ ಭಾನುವಾರ ರಾತ್ರಿ 9:30

ಅಣ್ಣಾ, ಸರ್, ಎಲ್ಲಾ ನೀವು ಹೇಳಿದಂಗೇ ಮಾಡಿದೆ. ಗುರುವಾರ ಅಂಗಡಿ ರಜಾ ಇತ್ತು. ಮೊದಲ್ನೇ ಸಲ 28ಕ್ಕೆ ಬಿತ್ತು, ಮತ್ತೆ ಆನ್ ಮಾಡಿದೆ, 19ಕ್ಕೆ ಬಿತ್ತು, ಮತ್ತೆ ಎಬ್ಬಿಸಿದೆ, 4ಕ್ಕೆ ಬಿತ್ತು. ಆಮೇಲೆ ಬರೀ ಕೆಂಪು ಬ್ಯಾಟರಿ ಚಿತ್ರ. ನಮ್ಮ ಮಗಳು ಪಕ್ಕದಾಗೆ ಕೂತು ನೋಟ್‌ಬುಕ್ಕಿನಾಗೆ ಟೈಮ್ ಬರ್ಕಂಡ್ಲು.

ಈಗ 28ಕ್ಕೆ ಸಾಯೋದು ನಿಂತೈತಿ. ನಿನ್ನೆ 6ಕ್ಕೆ ಆಫ್ ಆತು, ಇವತ್ತು 5ಕ್ಕೆ. ಆದ್ರೆ ಇನ್ನೊಂದು ತಲೆನೋವು. ಮೊದಲು ಹನ್ನೊಂದಕ್ಕೆ 70 ಇರ್ತಿತ್ತಲ್ಲ, ಈಗ ಹನ್ನೊಂದಕ್ಕೇ 54! ಹನ್ನೆರಡೂವರೆಗೆ 27. ಕ್ಯಾಲಿಬ್ರೇಟ್ ಮಾಡಾಕೆ ಹೋಗಿ ಇನ್ನೂ ಕೆಡಿಸ್ಕಂಡ್ನಾ ಅಂತ ಅನುಮಾನ. ನಮ್ಮನೆಯವ್ರು ಬೇರೆ "ಸುಮ್ನಿದ್ದಿದ್ರೆ 70 ಇರ್ತಿತ್ತು" ಅಂತ ದೋಸೆ ಮಗುಚ್ತಾ ಮಗುಚ್ತಾ ಅಂತಾರೆ.


ದುರ್ಗದ_ರಿಪೇರಿ
ಭಾನುವಾರ ರಾತ್ರಿ 9:55

ಮೊದ್ಲು ಎಷ್ಟೊತ್ತಿಗೆ ಆಫ್ ಆಗ್ತಿತ್ತು? ಈಗ ಎಷ್ಟೊತ್ತಿಗೆ?


ಗಲ್ಲಾಪೆಟ್ಟಿಗೆ
ಭಾನುವಾರ ರಾತ್ರಿ 10:01

ಮೊದಲು ಒಂದೂವರೆ ಹತ್ರ. ಈಗ... ಒಂದೂ ಮುಕ್ಕಾಲು. ಅಯ್ಯೋ.


ದುರ್ಗದ_ರಿಪೇರಿ
ಭಾನುವಾರ ರಾತ್ರಿ 10:10

ಹಾಂ. ಏನೂ ಕೆಟ್ಟಿಲ್ಲಕ್ಕ. ಮೊದ್ಲು ಸುಳ್ಳು ಹೇಳ್ತಿತ್ತು, ಈಗ ನಿಜ ಹೇಳ್ತೈತೆ. ಅಣ್ಣಾವ್ರಿಗೆ ಸುಳ್ಳು 70ನೇ ಇಷ್ಟ ಅಂದ್ರೆ ನಾನೇನ್ ಮಾಡ್ಲಿ.

ಅಕ್ಯುಬ್ಯಾಟರಿ ಅಂತ ಒಂದು ಆ್ಯಪ್ ಐತೆ, ರೂಟ್ ಏನೂ ಬೇಡ. ಹಾಕ್ಕೊಂಡು ನಾಲ್ಕೈದು ಸಲ ಕೆಳಗಿಂದ ಮೇಲೆವರೆಗೆ ಚಾರ್ಜ್ ಮಾಡಿ. ಎಷ್ಟು ಎಂಎಎಚ್ ಹಿಡೀತೈತೆ ಅಂತ ಅಂದಾಜು ಕೊಡ್ತೈತೆ. ಒಂದೇ ಸಲದ ಲೆಕ್ಕ ನಂಬ್ಬೇಡಿ. ಟೆಂಪರೇಚರೂ ಬರ್ತೈತೆ, ಹಲಗೆ ಮೇಲಿದ್ದಾಗ ಎಷ್ಟು ನೋಡಿ ಹೇಳಿ.


ಗಲ್ಲಾಪೆಟ್ಟಿಗೆ
ಶುಕ್ರವಾರ ಮಧ್ಯಾಹ್ನ 3:45

5000 ಇರಬೇಕಾದಲ್ಲಿ 3100 ಚಿಲ್ರೆ ತೋರಿಸ್ತತಿ. ಹಲಗೆ ಮೇಲೆ ಚಾರ್ಜಿಗೆ ಹಾಕಿದಾಗ 46 ಡಿಗ್ರಿ. ಬೆನ್ನು ಮುಟ್ಟಿದ್ರೆ ಈಗಷ್ಟೇ ಇಳಿಸಿದ ಖಾಲಿ ದೋಸೆ ಇದ್ದಂಗಿತ್ತು.


ವಿದ್ಯಾನಗರ_ಮೇಷ್ಟ್ರು
ಶುಕ್ರವಾರ ಸಂಜೆ 6:00

ಸರಿ, ಇಲ್ಲಿಗೆ ಕ್ಯಾಲಿಬ್ರೇಶನ್ ಕೆಲಸ ಮುಗೀತು. ಲಿಥಿಯಂ ಬ್ಯಾಟರಿಗೆ ಶಾಖ ಒಂದು ಶತ್ರು, ಸದಾ ಪೂರ್ತಿ ತುಂಬಿರೋದು ಇನ್ನೊಂದು. ಬಿಸಿಯಲ್ಲಿ ಇಟ್ಟು ತುಂಬಿಸ್ತಾ ಇದ್ರೆ ಎರಡೂ ಸೇರಿಕೊಳ್ಳುತ್ತೆ. ನಮ್ಮೂರ ಏಪ್ರಿಲ್ ಬಿಸಿಲೇ ಸಾಕಿತ್ತು ಅದಕ್ಕೆ, ನೀವು ಒಲೆನೂ ಕೊಟ್ರಿ.


ದುರ್ಗದ_ರಿಪೇರಿ
ಶುಕ್ರವಾರ ರಾತ್ರಿ 9:20

ಬ್ಯಾಟರಿ ಬದಲಾಯಿಸ್ಲೇಬೇಕು ಅಕ್ಕ. ಇದಕ್ಕೋಸ್ಕರ ದುರ್ಗಕ್ಕೆ ಬರೋದೇನೂ ಬೇಡ, ನಿಮ್ಮೂರಲ್ಲೇ ಕಂಪನಿ ಸರ್ವಿಸ್ ಸೆಂಟರಲ್ಲಿ ಹಾಕಿಸಿ. ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ. ಬಾಕ್ಸ್ ಮೇಲೆ 6000 ಅಂತ ಬರ್ದು ಅರ್ಧ ರೇಟಿಗೆ ಕೊಡೋವು ಬರ್ತವೆ. ಅದೇ ಅಳತೆ ಜಾಗದಲ್ಲಿ ಅಷ್ಟೊಂದು ಎಲ್ಲಿಂದ ತುಂಬಿದ್ರಪ್ಪ ಅಂತ ಕೇಳ್ಬೇಕು. ಹೊಸದು ಹಾಕಿಸಿದ್ಮೇಲೆ ಒಂದೇ ಒಂದ್ಸಲ ಪೂರ್ತಿ ಏರಿಸಿ ಇಳಿಸಿ, ಚಿಪ್ಪಿಗೆ ಹೊಸಾ ಮೂಟೆ ಪರಿಚಯ ಆಗ್ಲಿ.


ಗಲ್ಲಾಪೆಟ್ಟಿಗೆ
ಎರಡು ವಾರದ ನಂತರ, ಮಂಗಳವಾರ ರಾತ್ರಿ 10:15

ಬ್ಯಾಟರಿ ಹಾಕಿಸಿದ್ವಿ. ನಮ್ಮನೆಯವ್ರು ಎಲೆಕ್ಟ್ರಿಷಿಯನ್ ಕರೆಸಿ ಕೈ ತೊಳಿಯೋ ಜಾಗದ ಕಡೆ ಗೋಡೆಗೆ, ನೀರು ಸಿಡಿಯದಷ್ಟು ಎತ್ತರಕ್ಕೆ, ಹೊಸಾ ಪಾಯಿಂಟ್ ಕೊಡಿಸ್ಯಾರೆ. ಫೋನೀಗ ಅಲ್ಲಿ ಒಂದು ಬಟ್ಟೆ ಚೀಲದಾಗೆ ಮೊಳೆಗೆ ತೂಗಾಡ್ತತಿ. ಇವತ್ತು ಅಂಗಡಿ ಮುಚ್ಚಿದಾಗ 41 ಇತ್ತು. ಹಳೇ ಹಲಗೆ ಮೇಲೆ ಈಗ ಚಟ್ನಿಪುಡಿ ಡಬ್ಬಿ.

ದುರ್ಗದಣ್ಣ, ದಾವಣಗೆರೆ ಕಡೆ ಬಂದ್ರೆ ಅಂಗಡಿಗೆ ಬರ್ರಿ. ಮೇಷ್ಟ್ರು ಇಲ್ಲೇ ಇದ್ದೂ ಬರಲ್ಲ.


ವಿದ್ಯಾನಗರ_ಮೇಷ್ಟ್ರು
ಮಂಗಳವಾರ ರಾತ್ರಿ 10:31

ಬಂದಿದ್ದೆ, ಶನಿವಾರ. ಎರಡು ಬೆಣ್ಣೆ, ಒಂದು ಖಾಲಿ. ಚೀಲ ನೋಡಿದೆ. ಹೇಳ್ಕೊಳ್ಳೋಕೆ ಸಂಕೋಚ ಆಯ್ತು.


ಶೇಂಗಾ_ಹೊಲ
ಬುಧವಾರ ಬೆಳಿಗ್ಗೆ 5:50

ಎಲ್ಲಾ ಓದಿದೆ. ನಂದೂ ಹಂಗೇ 40ರಿಂದ ಸೀದಾ 12ಕ್ಕೆ ಇಳೀತೈತೆ, ಇವತ್ತು ಕ್ಯಾಲಿಬ್ರೇಟ್ ಮಾಡಣ ಅಂತಿದೀನಿ. ಒಂದು ಅನುಮಾನ. ಹಿಂಬದಿ ಮುಚ್ಚಳ ಒಂದು ಮೂಲೇಲಿ ಸ್ವಲ್ಪ ಎದ್ದೈತೆ, ಉಗುರು ತೂರೋವಷ್ಟು. ಮೇಜಿನ ಮೇಲಿಟ್ರೆ ಬುಗುರಿ ತರ ತಿರುಗ್ತೈತೆ. ರಬ್ಬರ್ ಬ್ಯಾಂಡ್ ಹಾಕೀನಿ. ಮಾಡಬೌದಾ?


ದುರ್ಗದ_ರಿಪೇರಿ
ಬುಧವಾರ ಬೆಳಿಗ್ಗೆ 5:58

ಯಜಮಾನ್ರೇ, ಈಗ್ಲೇ ಫೋನ್ ಆಫ್ ಮಾಡಿ. ರಬ್ಬರ್ ಬ್ಯಾಂಡ್ ತೆಗೀರಿ, ಒತ್ಬೇಡಿ, ಚುಚ್ಬೇಡಿ, ಚಾರ್ಜಿಗಂತೂ ಹಾಕ್ಲೇಬೇಡಿ. ಹುಲ್ಲು, ಬಟ್ಟೆ, ಹಾಸಿಗೆ ಹತ್ರ ಬೇಡ, ಹೊರಗೆ ಕಲ್ಲಿನ ಕಟ್ಟೆ ಮೇಲೆ ನೆರಳಲ್ಲಿಡಿ. ಬಸ್ಸಲ್ಲಿ ಹೊತ್ಕೊಂಡು ನನ್ನ ಹತ್ರ ಬರ್ಬೇಡಿ, ಚಳ್ಳಕೆರೆಲೇ ಯಾರಾದ್ರೂ ರಿಪೇರಿಯವ್ರನ್ನ ಇವತ್ತೇ ಕರೆಸಿ ತೆಗೆಸಿ.

ಫ್ರಿಜ್ಜಲ್ಲಿ ಇಡ್ಬೇಡಿ.